ಸಂಬಳ ಕಂಪನಿಯದು, ಸಹಿ ಸರ್ಕಾರದ್ದು

ಆ ಕಂಪನಿಯಲ್ಲಿ ಮೆಟ್ಟಿಲಿನ ಕಂಬಿ ಹಿಡಿಯದೆ ಇಳಿಯುವವರನ್ನು ಯಾರು ಬೇಕಾದರೂ ತಡೆದು ನಿಲ್ಲಿಸಬಹುದಿತ್ತು. ಮುಚ್ಚಳವಿಲ್ಲದ ಲೋಟದಲ್ಲಿ ಕಾಫಿ ಹಿಡಿದು ನಡೆದರೆ ಅದೂ ತಪ್ಪು. ಶಾಲೆಯಲ್ಲಿ ಪಾಠಕ್ಕೆ ಮೊದಲು ಪ್ರಾರ್ಥನೆ ಹೇಳಿಸುವ ಹಾಗೆ, ಅಲ್ಲಿ ಪ್ರತಿ ಮೀಟಿಂಗೂ ಸುರಕ್ಷತೆಯ ಒಂದು ಮಾತಿನಿಂದಲೇ ಶುರುವಾಗಬೇಕು. ಯಾರಾದರೂ ಒಬ್ಬರು ಎದ್ದು ನಿಂತು, ಏಣಿಯನ್ನು ಗೋಡೆಗೆ ಹೇಗೆ ಆನಿಸಬೇಕು, ಹಬ್ಬದ ಟರ್ಕಿ ಕೋಳಿಯನ್ನು ಕುದಿಯುವ ಎಣ್ಣೆಗೆ ಹೇಗೆ ಇಳಿಸಬೇಕು ಎಂದು ಹೇಳುವರು. ಉಳಿದವರು ತಲೆದೂಗುವರು. ಆಮೇಲೆ ಎಲ್ಲರೂ ಕೂತು ವಿಮಾನದ ಬಾಗಿಲುಗಳನ್ನು ಇನ್ನೂ ಎಷ್ಟು ಬೇಗ ಕಳಿಸಬಹುದು ಎಂದು ಲೆಕ್ಕ ಹಾಕುವರು.

ತಾಹಿರಾ ವರ್ಷಗಟ್ಟಲೆ ಈ ಪ್ರಾರ್ಥನೆ ಕೇಳಿದ್ದಳು. ಕಾರ್ಖಾನೆ ಇದ್ದದ್ದು ಡರ್ಹಮ್ಮಿನಿಂದ ಕಾರಿನಲ್ಲಿ ಮುಕ್ಕಾಲು ಗಂಟೆ ದೂರದಲ್ಲಿ, ಪೈನ್ ಮರಗಳ ನಡುವೆ. ಮಾರ್ಚ್ ಬಂತೆಂದರೆ ಆ ಮರಗಳು ಉದುರಿಸುವ ಹಳದಿ ಪುಡಿ ಪಾರ್ಕಿಂಗ್ ಜಾಗವನ್ನೆಲ್ಲ ಅರಿಶಿನ ಚೆಲ್ಲಿದಂತೆ ಮಾಡಿಬಿಡುತ್ತಿತ್ತು. ಅಲ್ಲಿ ತಯಾರಾಗುತ್ತಿದ್ದದ್ದು ವಿಮಾನದ ಸರಕು ತುಂಬುವ ಬಾಗಿಲುಗಳು. ತಾಹಿರಾ ಅಲ್ಲಿನ ಇಂಜಿನಿಯರು. ಆದರೆ ಅವಳ ನಿಜವಾದ ಕೆಲಸ ಇನ್ನೊಂದು. ದೇಶದ ಎಲ್ಲ ಕಾರ್ಖಾನೆಗಳಿಗೂ ತನ್ನ ಜನರನ್ನು ಕಳಿಸಲು ಸರ್ಕಾರಕ್ಕೆ ಆಗುವುದಿಲ್ಲ. ಹಾಗಾಗಿ ಕಾರ್ಖಾನೆಯ ನೌಕರರಲ್ಲೇ ಕೆಲವರನ್ನು ಆರಿಸಿ, 'ನಮ್ಮ ಪರವಾಗಿ ನೀವೇ ನೋಡಿ, ನೀವೇ ಸಹಿ ಮಾಡಿ' ಎಂದು ಅಧಿಕಾರ ಕೊಡುತ್ತದೆ. ಅಂಥವರ ಸಹಿ ಇಲ್ಲದೆ ಒಂದು ಬಾಗಿಲೂ ಲಾರಿ ಹತ್ತುವಂತಿಲ್ಲ. ಸಂಬಳ ಕಂಪನಿಯದು, ಸಹಿ ಸರ್ಕಾರದ್ದು. ಪರೀಕ್ಷೆ ಬರೆದ ಹುಡುಗನ ಕೈಗೇ ಕೆಂಪು ಪೆನ್ನು ಕೊಟ್ಟು, ಪ್ರಾಮಾಣಿಕವಾಗಿ ಅಂಕ ಹಾಕಿಕೋ ಮಗಾ ಎನ್ನುವ ಏರ್ಪಾಡು. ಹಾಗಿದ್ದರೂ ತಾಹಿರಾ ಪ್ರಾಮಾಣಿಕವಾಗಿಯೇ ಅಂಕ ಹಾಕುತ್ತಿದ್ದಳು. ಕಂಪನಿಗೆ ಅವಳೊಂದು ತಲೆನೋವಾದದ್ದು ಅದರಿಂದಲೇ.

ಅವಳು ಮೈಸೂರಿನವಳು, ಮಂಡಿ ಮೊಹಲ್ಲಾದಲ್ಲಿ ಬೆಳೆದವಳು. ಮನೆಯಲ್ಲಿ ಉರ್ದು. ಆದರೆ ತಾಯಿ ಹಟ ಹಿಡಿದು ಅವಳನ್ನು ಹತ್ತನೇ ತರಗತಿಯವರೆಗೂ ಕನ್ನಡ ಶಾಲೆಯಲ್ಲಿ ಓದಿಸಿದ್ದರು. ಹೀಗಾಗಿ ಅವಳ ಕನ್ನಡ ತುಂಬು ಕನ್ನಡ, ಇಂಗ್ಲಿಷಿನ ಊರುಗೋಲು ಬೇಡದ ಕನ್ನಡ. ಡರ್ಹಮ್ಮಿನ ಕನ್ನಡ ಕೂಟದಲ್ಲಿ ಯುಗಾದಿಗೋ ರಾಜ್ಯೋತ್ಸವಕ್ಕೋ ಸೇರಿದಾಗ ಯಾರಾದರೊಬ್ಬರು ಕಣ್ಣರಳಿಸಿ, "ಅಯ್ಯೋ, ಎಷ್ಟ್ ಚೆನ್ನಾಗಿ ಕನ್ನಡ ಮಾತಾಡ್ತೀರಿ ನೀವು!" ಎನ್ನುವುದಿತ್ತು.

"ನೀವೂ ಪ್ರಯತ್ನ ಪಟ್ಟರೆ ಬರುತ್ತೆ ಬಿಡಿ," ಎನ್ನುತ್ತಿದ್ದಳು ತಾಹಿರಾ, ನಗದೆ.

ಗಂಡ ಅಫ್ತಾಬ್ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದ. ಎರಡು ವರ್ಷದ ಕೆಳಗೆ ಅವನ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಅವನ ಮಾತ್ರೆ, ಡಾಕ್ಟರು, ಆಸ್ಪತ್ರೆ ಎಲ್ಲವೂ ನಡೆಯುತ್ತಿದ್ದದ್ದು ತಾಹಿರಾಳ ಕೆಲಸದ ಇನ್ಶೂರೆನ್ಸಿನಿಂದ. ಆ ಮನೆಯಲ್ಲಿ ಕೆಲಸ ಹೋಗುವುದೆಂದರೆ ಏನು ಹೋಗುವುದು ಎನ್ನುವುದನ್ನು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ.

ಕಂಪನಿಗೆ 'ಸುರಕ್ಷತಾ ಸಂಸ್ಕೃತಿ' ಬಂದದ್ದು ತಡವಾಗಿ. ಎಲ್ಲೋ ಯಾರದೋ ವಿಮಾನದ ತುಂಡೊಂದು ಕಳಚಿ, ಟೀವಿಯಲ್ಲಿ ಗಲಾಟೆಯಾಗಿ, ವಾಷಿಂಗ್ಟನ್ನಿನಲ್ಲಿ ದೊಡ್ಡವರು ಮೇಜು ಕುಟ್ಟಿದ ಮೇಲೆ, ಎಲ್ಲ ಕಂಪನಿಗಳಿಗೂ ಒಮ್ಮೆಲೇ ಜ್ಞಾನೋದಯವಾಯಿತು. ಗೋಡೆಗಳ ಮೇಲೆ 'ಧೈರ್ಯವಾಗಿ ಹೇಳಿ, ನಾವು ಕೇಳುತ್ತೇವೆ' ಎಂಬ ಪೋಸ್ಟರುಗಳು ಬಂದವು. ಪೋಸ್ಟರಿನಲ್ಲಿ ಒಬ್ಬ ಕೆಲಸಗಾರ ಕೈ ಎತ್ತಿ ನಗುತ್ತಿದ್ದ. ಅಷ್ಟು ಬಿಳಿಯ ಹಲ್ಲಿನವನನ್ನು ಕಾರ್ಖಾನೆಯಲ್ಲಿ ಯಾರೂ ಕಂಡಿರಲಿಲ್ಲ. ಧೈರ್ಯವಾಗಿ ಹೇಳಿದವರಿಗೆ ಟೀ ಶರ್ಟು. ಟಾಯ್ಲೆಟ್ಟಿನಲ್ಲಿ ಸೋಪು ಮುಗಿದಿದೆ ಎಂದು ಧೈರ್ಯವಾಗಿ ಹೇಳಿದವನಿಗೆ ತಿಂಗಳ ಬಹುಮಾನ.

ಈ ಸಂಸ್ಕೃತಿಯನ್ನು ನಡೆಸಲೆಂದು ವಾಷಿಂಗ್ಟನ್ನಿನ ಹತ್ತಿರದ ಜರ್ಮನ್‌ಟೌನ್‌ನಿಂದ ಬಂದವನು ಶಶಾಂಕ್. ಬೆಂಗಳೂರಿನ ಹುಡುಗ, ಮೂವತ್ತೈದು ದಾಟಿರಲಿಲ್ಲ, ಆಗಲೇ ಡೈರೆಕ್ಟರು. ಮೊದಲು ಒಂದು ಕನ್ಸಲ್ಟಿಂಗ್ ಕಂಪನಿಯಲ್ಲಿದ್ದು, ಸುರಕ್ಷತೆಯ ಬಗ್ಗೆ ಸ್ಲೈಡುಗಳನ್ನು ತಯಾರಿಸಿ ಹೆಸರು ಮಾಡಿದ್ದ. ಬಾಗಿಲನ್ನು ಹತ್ತಿರದಿಂದ ನೋಡುವ ಅಗತ್ಯ ಅವನಿಗೆ ಬಿದ್ದಿರಲಿಲ್ಲ. ಒಳ್ಳೆಯ ಮಾತುಗಾರ, ಊರಿನವರೆಂದರೆ ಪ್ರೀತಿ. ಬಂದ ವಾರವೇ ತಾಹಿರಾಳ ಮನೆ ಹುಡುಕಿಕೊಂಡು ಹೆಂಡತಿ ಇಂದುವಿನ ಜೊತೆ ಬಂದು, "ಆಂಟಿ, ನಮಗೆ ಇಲ್ಲಿ ನೀವೇ ಫ್ಯಾಮಿಲಿ," ಎಂದಿದ್ದ. ಕಂಪನಿಯಲ್ಲಿ ಇಂಗ್ಲಿಷಿನಲ್ಲಿ ಮಾತಾಡುವಾಗ ಅವಳು ಬರೀ 'ತಾಹಿರಾ'. ಕನ್ನಡದಲ್ಲಿ 'ಆಂಟಿ'. ಏನಾದರೂ ಬೇಕಾದಾಗಲೆಲ್ಲ ಕನ್ನಡ.

ಬಾಗಿಲಿನ ಚೌಕಟ್ಟಿನ ಸಂದುಗಳಿಗೆ ಸೀಲೆಂಟ್ ಎನ್ನುವ ಅಂಟನ್ನು ಬಳಿಯುತ್ತಾರೆ. ನೀರು ಒಳಗೆ ಇಳಿಯದಂತೆ ಕಾಯುವುದು ಅದೇ. ಅದು ತನ್ನ ಪಾಡಿಗೆ ತಾನು ಗಟ್ಟಿಯಾಗಬೇಕು, ಕಾರ್ಖಾನೆಯ ಮಾತಿನಲ್ಲಿ 'ಕ್ಯೂರ್' ಆಗಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ಆ ವರ್ಷ ಆರ್ಡರು ಹೆಚ್ಚಿ, ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. ಯಾರೋ ದೊಡ್ಡ ಹೀಟರುಗಳನ್ನು ತಂದು ಬಾಗಿಲುಗಳ ಮುಂದೆ ನಿಲ್ಲಿಸಿದರು. ಮೇಲೆ ಬೇಗ ಗಟ್ಟಿಯಾಗುತ್ತಿತ್ತು, ಒಳಗೆ ಹಸಿ. ಅವಸರದಲ್ಲಿ ಬೇಯಿಸಿದ ಇಡ್ಲಿಯ ಹಾಗೆ. ತಾಹಿರಾ ಒಂದು ಸಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ತಗ್ಗು ಬಿತ್ತು. ಇನ್ನೊಂದು ಬಾಗಿಲು ನೋಡಿದಳು, ಅಲ್ಲಿಯೂ ಅದೇ. ಈ ಸಂದಿನೊಳಗೆ ನೀರು ಸೇರಿ, ಮೇಲೆ ಮೋಡದಾಚೆಯ ಚಳಿಯಲ್ಲಿ ಹೆಪ್ಪುಗಟ್ಟಿ, ಕೆಳಗೆ ಬಂದು ಕರಗಿ, ಮತ್ತೆ ಮೇಲೇರಿ, ಹೀಗೆ ವರ್ಷಗಳ ಕಾಲ ಲೋಹವನ್ನು ಸದ್ದಿಲ್ಲದೆ ತಿನ್ನುವುದು ಅವಳ ಕಣ್ಣಿಗೆ ಕಟ್ಟಿತು. ಎಲ್ಲವನ್ನೂ ಕೆರೆದು ತೆಗೆದು ಮತ್ತೆ ಬಳಿಯಿರಿ, ಅಲ್ಲಿಯವರೆಗೆ ಸಹಿ ಮಾಡುವುದಿಲ್ಲ ಎಂದಳು.

ಧೈರ್ಯವಾಗಿ ಹೇಳಿದ್ದಳು. ಟೀ ಶರ್ಟು ಬರಲಿಲ್ಲ.

ರಂಜಾನ್ ನಡೆಯುತ್ತಿತ್ತು. ಶನಿವಾರ ಇಫ್ತಾರಿಗೆ ಶಶಾಂಕ್ ಮತ್ತು ಇಂದುವನ್ನು ತಾಹಿರಾ ಮೊದಲೇ ಕರೆದಿದ್ದಳು. ಕರೆದ ಮೇಲೆ ಬೇಡ ಎನ್ನಲಾಗದು. ಅವರಿಗೆಂದು ಬೇರೆ ಬಾಣಲೆಯಲ್ಲಿ ತರಕಾರಿ ಸಮೋಸ ಕರಿದಿದ್ದಳು. ತಾಹಿರಾ, ಅಫ್ತಾಬ್ ಇಬ್ಬರೂ ಖರ್ಜೂರ ತಿಂದು, ನಮಾಜು ಮುಗಿಸಿ ಬಂದು ಕೂತ ಮೇಲೆ ಶಶಾಂಕ್ ಸಮೋಸ ಮುರಿಯುತ್ತ ಶುರು ಮಾಡಿದ.

"ಆಂಟಿ, ಆ ಡೋರ್ಸ್ ವಿಷಯ. ಸ್ವಲ್ಪ ಬಿಗ್ ಪಿಕ್ಚರ್ ನೋಡಿ ಆಂಟಿ."

"ಬಾಗಿಲೇ ಸಾಕಷ್ಟು ದೊಡ್ಡದಿದೆಯಲ್ಲಪ್ಪ."

ಅಫ್ತಾಬ್ ನಕ್ಕ. ಶಶಾಂಕ್ ನಗಲಿಲ್ಲ.

"ಹಾಗಲ್ಲ. ಮ್ಯಾನೇಜ್‌ಮೆಂಟು ಪರ್ಸೆಪ್ಷನ್ ನೋಡತ್ತೆ. ನಿಮ್ಮನ್ನ ಟೀಮ್ ಪ್ಲೇಯರ್ ಅಲ್ಲ ಅಂತಿದಾರೆ. ನಾನು ನಿಮ್ಮನ್ನ ಡಿಫೆಂಡ್ ಮಾಡ್ತಾನೇ ಇದೀನಿ. ಎಷ್ಟು ದಿನ ಮಾಡ್ಲಿ? ಅಂಕಲ್ ಹೆಲ್ತೂ ನೋಡ್ಬೇಕಲ್ವಾ ನೀವು?"

ಇಂದು ಗಂಡನ ಕಡೆ ನೋಡಿ, "ಶಶಾಂಕ್, ಊಟದ ಟೈಮಲ್ಲಿ ಆಫೀಸ್ ಯಾಕೆ?" ಎಂದಳು, ತಗ್ಗಿದ ದನಿಯಲ್ಲಿ.

"ನನ್ನ ಹೆಲ್ತಿಗೆ ಏನಾಗಿದೆ?" ಎಂದ ಅಫ್ತಾಬ್. "ಇನ್ನೊಂದು ಸಮೋಸ ತಗೊಳ್ಳಿ ಶಶಾಂಕ್. ಒಳಗೆ ಚೆನ್ನಾಗಿ ಬೆಂದಿದೆ, ನನ್ನ ಹೆಂಡತಿ ನೋಡಿದಾಳೆ."

ಅವರು ಹೋದ ಮೇಲೆ ಗಂಡ ಹೆಂಡಿರು ಪಾತ್ರೆ ತೊಳೆದರು. ಅಫ್ತಾಬ್ ಒರೆಸುತ್ತ, "ನನ್ನನ್ನು ನೆಪ ಮಾಡಿಕೊಂಡು ಸಹಿ ಹಾಕಬೇಡ," ಎಂದ. ತಾಹಿರಾ ಇನ್ನೊಂದು ತಟ್ಟೆ ತೊಳೆದು ಅವನ ಕೈಗೆ ಕೊಟ್ಟಳು. ನೆಪವಲ್ಲ ಅದು, ನಿಜವಾದ ಕಾರಣ. ಅದೇ ಅವಳ ಕಷ್ಟವಾಗಿತ್ತು. ಸಹಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಕದಿದ್ದರೆ ಈ ಮನುಷ್ಯನ ಮಾತ್ರೆಯ ಡಬ್ಬಿ ಏನಾಗುವುದೋ ಗೊತ್ತಿಲ್ಲ.

ಬುಧವಾರ ಅಟ್ಲಾಂಟಾದ ಸರ್ಕಾರಿ ಕಚೇರಿಯ ಜೊತೆ ವಿಡಿಯೋ ಮೀಟಿಂಗ್ ಇತ್ತು. ಕಾರ್ಖಾನೆಯ ಮೇಲ್ವಿಚಾರಣೆ ಆ ಕಚೇರಿಯದು. ಮೇಲ್ವಿಚಾರಣೆ ಎಂದರೆ ಮುಖ್ಯವಾಗಿ ಈ ಮೀಟಿಂಗು. ಅಲ್ಲಿಯ ಅಧಿಕಾರಿ ಮಿಸ್ ಕಾಲ್ಡ್‌ವೆಲ್, ಅರವತ್ತರ ಹತ್ತಿರದ ಹೆಂಗಸು. ಆ ವರ್ಷ ಸರ್ಕಾರಿ ಕಚೇರಿಗಳಲ್ಲಿ ಜನ ಕರಗುತ್ತಿದ್ದರು. ಅವಳ ಹಿಂದಿನ ಎರಡು ಕುರ್ಚಿಗಳು ಖಾಲಿ ಇದ್ದದ್ದು ಪರದೆಯಲ್ಲೇ ಕಾಣುತ್ತಿತ್ತು. ಅವಳಿಗೆ ಕಿವಿ ಸ್ವಲ್ಪ ಮಂದ. ಅದಕ್ಕೇ ಆಡಿದ ಇಂಗ್ಲಿಷ್ ಮಾತೆಲ್ಲ ತಾನಾಗಿ ಪರದೆಯ ಕೆಳಗೆ ಅಕ್ಷರವಾಗಿ ಮೂಡಿ ಅಲ್ಲೇ ಉಳಿಯುವಂತೆ ಮೀಟಿಂಗಿನಲ್ಲಿ ಏರ್ಪಾಡು ಮಾಡಿಸಿದ್ದಳು. ಶಶಾಂಕ್ ಆ ಅಕ್ಷರಗಳನ್ನು ಎಂದೂ ಓದಿದವನಲ್ಲ. ತಾನು ಆಡಿದ್ದನ್ನು ತಾನೇ ಯಾಕೆ ಓದಬೇಕು?

ಕೋಣೆಯಲ್ಲಿ ಇದ್ದದ್ದು ಅವರಿಬ್ಬರೇ. ಗೋಡೆಯ ತುಂಬ ಪರದೆ. ಶಶಾಂಕ್ ಸುರಕ್ಷತೆಯ ಮಾತು ಹೇಳಿದ: ಪೈನ್ ಪುಡಿಯ ಕಾಲದಲ್ಲಿ ಕಾರಿನ ಗಾಜು ಒರೆಸಿಯೇ ಹೊರಡಿ. ಮಿಸ್ ಕಾಲ್ಡ್‌ವೆಲ್ ಧನ್ಯವಾದ ಹೇಳಿದಳು. ಅಷ್ಟರಲ್ಲಿ ಅವಳ ಕೋಣೆಯ ಬಾಗಿಲು ಯಾರೋ ತಟ್ಟಿದರು. ಒಂದೆರಡು ನಿಮಿಷ ಎಂದು ಹೇಳಿ ಅವಳು ಎದ್ದು ಹೋದಳು. ಪರದೆಯಲ್ಲಿ ಮೂರು ಖಾಲಿ ಕುರ್ಚಿಗಳು ಉಳಿದವು.

ಶಶಾಂಕ್ ಪರದೆಗೆ ಬೆನ್ನು ಮಾಡಿ ತಾಹಿರಾಳ ಕಡೆ ತಿರುಗಿದ. ಮೈಕ್ ಆಫ್ ಮಾಡುವ ತೊಂದರೆ ತೆಗೆದುಕೊಳ್ಳಲಿಲ್ಲ. ಕನ್ನಡ ಇರುವಾಗ ಮೈಕಿನ ಹೆದರಿಕೆ ಯಾಕೆ?

"ಆಂಟಿ, ಲಾಸ್ಟ್ ಟೈಮ್ ಕೇಳ್ತಿದೀನಿ. ಫ್ರೈಡೇ ಶಿಪ್‌ಮೆಂಟ್ ಮಿಸ್ ಆದ್ರೆ ಕಸ್ಟಮರ್ ಪೆನಾಲ್ಟಿ ಹಾಕ್ತಾನೆ. ಆ ಸೀಲೆಂಟ್ ಇನ್‌ಸ್ಪೆಕ್ಷನ್ ಒಂದ್ಸಲ ಸ್ಕಿಪ್ ಮಾಡಿ, ಸೈನ್ ಮಾಡ್ಬಿಡಿ."

ಅವನ ಹೆಗಲಿನ ಮೇಲಿಂದ ತಾಹಿರಾಗೆ ಪರದೆಯ ಕೆಳಭಾಗ ಕಾಣುತ್ತಿತ್ತು. ಕನ್ನಡ ಬಂದಲ್ಲೆಲ್ಲ ಯಂತ್ರ ತಬ್ಬಿಬ್ಬಾಗಿ ಸುಮ್ಮನಾಗುತ್ತಿತ್ತು. ಇಂಗ್ಲಿಷ್ ಪದ ಕೇಳಿದ ಕೂಡಲೇ ಹೆಕ್ಕಿಕೊಳ್ಳುತ್ತಿತ್ತು. ಲಾಸ್ಟ್ ಟೈಮ್. ಫ್ರೈಡೇ ಶಿಪ್‌ಮೆಂಟ್ ಮಿಸ್. ಕಸ್ಟಮರ್ ಪೆನಾಲ್ಟಿ. ಸೀಲೆಂಟ್ ಇನ್‌ಸ್ಪೆಕ್ಷನ್ ಸ್ಕಿಪ್. ಸೈನ್.

ಅವನು ಆಡಿದ್ದರಲ್ಲಿ ಇದ್ದ ಸತ್ಯವೆಲ್ಲ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಇದ್ದದ್ದು ಬರೀ ಮಾಡಿ, ಬಿಡಿ, ಹಾಕ್ತಾನೆ.

ತಾಹಿರಾ ಎಚ್ಚರಿಸಬಹುದಿತ್ತು. ಒಂದು ಕಣ್ಸನ್ನೆ ಸಾಕಿತ್ತು. ಊರಿನ ಹುಡುಗ, ಮನೆಯಲ್ಲಿ ಉಂಡವನು. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಶಾಲೆಯ ಕನ್ನಡದಲ್ಲಿ ಮೆಲ್ಲಗೆ ಕೇಳಿದಳು:

"ಒಳಗೆ ಹಸಿಯಾಗಿಯೇ ಇದೆಯಲ್ಲಪ್ಪ. ಅದಕ್ಕೇನು ಹೇಳುತ್ತೀ?"

ಪರದೆಯ ಮೇಲೆ ಏನೂ ಮೂಡಲಿಲ್ಲ.

"ಅದೆಲ್ಲ ಹೀಟರ್ಸ್ ಹಾಕಿ ಕ್ಯೂರ್ ಆಗಿದೆ ಆಂಟಿ! ಸರ್ಫೇಸ್ ಓಕೆ ಇದ್ರೆ ಸಾಕು. ಅಟ್ಲಾಂಟಾದವರು ಏನ್ ಚೆಕ್ ಮಾಡ್ತಾರೆ? ಗೌರ್ನಮೆಂಟ್ ಇಸ್ ಸ್ಲೀಪಿಂಗ್ ಆಂಟಿ!"

ಈ ಕೊನೆಯ ವಾಕ್ಯವನ್ನು ಯಂತ್ರ ಇಡಿಯಾಗಿ, ಒಂದು ತಪ್ಪೂ ಇಲ್ಲದೆ ಬರೆಯಿತು.

ಮಿಸ್ ಕಾಲ್ಡ್‌ವೆಲ್ ಬಂದು ಕೂತಳು. ಕನ್ನಡಕ ಮೂಗಿಗೇರಿಸಿದಳು. ತನ್ನ ಪರದೆಯ ಕೆಳಗಡೆ ನೋಡಿದಳು, ಬಹಳ ಹೊತ್ತು.

"ಮಿಸ್ಟರ್ ಶಶಾಂಕ್," ಎಂದಳು ಇಂಗ್ಲಿಷಿನಲ್ಲಿ. "ಏನನ್ನು ಸ್ಕಿಪ್ ಮಾಡುವುದು?"

ಶಶಾಂಕ್ ತಿರುಗಿ ಪರದೆ ನೋಡಿದ. ಅವನ ಕಿವಿಗಳು ಕೆಂಪಾದವು. ಆದರೂ ಅವನು ಮಾತುಗಾರ. "ಊಟ," ಎಂದ. "ತಾಹಿರಾ ಅವರದು ರಂಜಾನ್ ಉಪವಾಸ. ಊಟ ಬಿಟ್ಟು ಕೆಲಸ ಮಾಡಬೇಡಿ, ವಿಶ್ರಾಂತಿ ತಗೊಳ್ಳಿ ಅಂತ ಹೇಳ್ತಿದ್ದೆ. ನಮ್ಮ ಕಂಪನಿಯಲ್ಲಿ ನೌಕರರ ಆರೋಗ್ಯಕ್ಕೆ ಮೊದಲ ಸ್ಥಾನ."

ತಾಹಿರಾಗೆ ಒಂದು ಕ್ಷಣ ಮೆಚ್ಚುಗೆಯೇ ಆಯಿತು. ಅವಳ ಹಸಿವನ್ನೂ ಅವನು ಸ್ಲೈಡ್ ಮಾಡಿಬಿಟ್ಟಿದ್ದ.

"ಹೌದೇ, ತಾಹಿರಾ?" ಎಂದಳು ಮಿಸ್ ಕಾಲ್ಡ್‌ವೆಲ್.

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಶಶಾಂಕನ ಮುಖದಲ್ಲಿ ಬೇಡಿಕೆಯೂ ಬೆದರಿಕೆಯೂ ಒಟ್ಟೊಟ್ಟಿಗೆ ಇದ್ದವು. ತಾಹಿರಾ ಅಫ್ತಾಬನ ಎದೆಯನ್ನು ನೆನೆದಳು, ನಿದ್ದೆಯಲ್ಲಿ ಅದು ಏರಿಳಿಯುವುದನ್ನು. ಆಮೇಲೆ ಇಂಗ್ಲಿಷಿನಲ್ಲಿ, ಅಕ್ಷರವಾಗಿ ಮೂಡಲು ಸಮಯ ಕೊಡುತ್ತ, ನಿಧಾನವಾಗಿ ಹೇಳಿದಳು: "ನಾನು ಉಪವಾಸ ಇರುವುದು ನಿಜ. ಅವರು ಹೇಳಿದ್ದು ಅದಲ್ಲ. ಬಾಗಿಲುಗಳ ಸೀಲೆಂಟ್ ಒಳಗೆ ಗಟ್ಟಿಯಾಗಿಲ್ಲ. ಪರೀಕ್ಷೆ ಬಿಟ್ಟು ಸಹಿ ಹಾಕು ಎಂದರು. ನಾನು ಹಾಕುವುದಿಲ್ಲ."

ಬಾಗಿಲುಗಳನ್ನು ಅಲ್ಲಿಯೇ ತಡೆಹಿಡಿಯಬೇಕೆಂದು ಮಿಸ್ ಕಾಲ್ಡ್‌ವೆಲ್ ಹೇಳಿದಳು. ಅಷ್ಟು ಅವಳ ಕೈಯಲ್ಲಿತ್ತು, ಅಷ್ಟನ್ನು ಮಾಡಿದಳು. ಅದರ ಮುಂದಿನದು ಕಚೇರಿಯ ಕೈಯಲ್ಲಿತ್ತು. ಕಚೇರಿ ತಪಾಸಣೆಗೆ ಬರುವುದಾಗಿ ಸಾಕಷ್ಟು ಮೊದಲೇ ಪತ್ರ ಬರೆಯಿತು. ನೆಂಟರು ಬರುವ ಮನೆಯ ಹಾಗೆ ಕಂಪನಿ ನೆಲಕ್ಕೆ ಬಣ್ಣ ಬಳಿಸಿತು. ಹೀಟರುಗಳು ಗೋಡೌನು ಸೇರಿದವು. ಬಂದವರು ಮೆಟ್ಟಿಲಿಳಿಯುವಾಗ ಕಂಬಿ ಹಿಡಿದರು, ಪೋಸ್ಟರು ಓದಿದರು, ಡೋನಟ್ ತಿಂದರು. ಸಿಬ್ಬಂದಿಯ ನಡುವೆ ಸಂವಹನದ ಕೊರತೆ ಇದೆ ಎಂದು ಕಂಡುಹಿಡಿದು ಹೋದರು. ಕಂಪನಿ ಆ ಕೊರತೆಯನ್ನು ಕೂಡಲೇ ಸರಿಪಡಿಸಿತು: ಇನ್ನು ಮುಂದೆ ಮೀಟಿಂಗುಗಳಲ್ಲಿ ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡತಕ್ಕದ್ದು.

ಬಾಗಿಲುಗಳನ್ನು ಮಾತ್ರ ಕೆರೆದರು. ಹಸಿ ಸೀಲೆಂಟು ಗೋಂದಿನ ಹಾಗೆ ಎಳೆಎಳೆಯಾಗಿ ಬಂತು. ಕೆರೆಯುವವರು ಬೈದುಕೊಳ್ಳುತ್ತಲೇ ಕೆರೆದರು. ಬೈಗುಳ ಯಾರಿಗೆ ಎಂದು ತಾಹಿರಾ ಕೇಳಲಿಲ್ಲ.

ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಅಂಥ ಒರಟುತನ ಸುರಕ್ಷತಾ ಸಂಸ್ಕೃತಿಯಲ್ಲಿ ಇಲ್ಲ. ಸನ್ಮಾನ ಮಾಡಿದರು. ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ನಿಲ್ಲಿಸಿ, 'ಧೈರ್ಯವಾಗಿ ಹೇಳಿದವರು' ಎಂದು ಚಪ್ಪಾಳೆ ತಟ್ಟಿ, ಗಾಜಿನ ಫಲಕ ಕೊಟ್ಟರು. ಅದೇ ವಾರ, ಇಷ್ಟು ಅನುಭವ ಇರುವವರು ಹೊಸಬರನ್ನು ತಿದ್ದಬೇಕೆಂದು ಅವಳನ್ನು ತರಬೇತಿ ವಿಭಾಗಕ್ಕೆ ವರ್ಗ ಮಾಡಿದರು. ಅಲ್ಲಿ ಸಹಿಯ ಅಧಿಕಾರ ಇಲ್ಲ. ಇರುವ ಕೆಲಸವೆಂದರೆ ಪೋಸ್ಟರು ಮಾಡಿಸುವುದು. ಸಂಬಳ ಅದೇ, ಇನ್ಶೂರೆನ್ಸೂ ಅದೇ. ಅಫ್ತಾಬನ ಮಾತ್ರೆಗಳು ತಪ್ಪದೆ ಬಂದವು. ತಾಹಿರಾ ಹೊಸ ಮೇಜಿನ ಮುಂದೆ ಕೂತು, ಬಿಳಿ ಹಲ್ಲಿನವರ ಫೋಟೋ ಆರಿಸತೊಡಗಿದಳು.

ಕಾಲೇಜಿನಿಂದ ರಜಕ್ಕೆ ಬಂದ ಮಗಳು ಶಿಫಾ ಫಲಕ ನೋಡಿ, "ಅಮ್ಮಿ, ಸೋ ಯೂ ವನ್?" ಎಂದಳು.

"ಬಾಗಿಲು ಗೆದ್ದಿತು," ಎಂದಳು ತಾಹಿರಾ.

ಬಕ್ರೀದಿನ ಮಾರನೆಯ ದಿನ ಶಶಾಂಕ್ ಒಬ್ಬನೇ ಬಂದ, ಇಂಡಿಯನ್ ಸ್ಟೋರಿನ ಮಾವಿನಹಣ್ಣಿನ ಡಬ್ಬ ಹಿಡಿದುಕೊಂಡು. ಇಂದು ಬರಲಿಲ್ಲ, ತಲೆನೋವಂತೆ. ಅವನು ಮೊದಲಿನ ಹಾಗೇ ನಗುನಗುತ್ತ ಕೂತ. ರಾಕ್‌ವಿಲ್ಲಿನ ಹೋಟೆಲೊಂದರಲ್ಲಿ ಕಾನ್ಫರೆನ್ಸ್ ಇದೆ, ತನ್ನದು ಮುಖ್ಯ ಭಾಷಣ, 'ಧೈರ್ಯವಾಗಿ ಹೇಳುವ ಸಂಸ್ಕೃತಿಯನ್ನು ನಾವು ಕಟ್ಟಿದ ಬಗೆ'.

"ನೀವೂ ಸ್ಟೇಜಿಗೆ ಬರ್ಬೇಕು ಆಂಟಿ. ಜಸ್ಟ್ ಟೂ ಮಿನಿಟ್ಸ್. ನಾನು ಹೇಳಿದೆ, ಕಂಪನಿ ಕೇಳ್ತು ಅಂದ್ರೆ ಸಾಕು. ವಾಷಿಂಗ್ಟನ್‌ನಿಂದ ಎಲ್ಲಾ ಬರ್ತಾರೆ."

ತಾಹಿರಾ ಹಣ್ಣು ಹೆಚ್ಚುತ್ತಿದ್ದಳು. "ಈಗ ಯಾರು ಸಹಿ ಹಾಕುತ್ತಾರೆ?"

"ಅವಿನಾಶ್ ಅಂತ. ಹೊಸ ಹುಡುಗ, ನಮ್ಮ ಮೈಸೂರಿನವನೇ. ಅಪ್ರೂವಲ್ ಬಂತು, ಮಂಡೇಯಿಂದ ಶುರು. ತುಂಬಾ ಸ್ಮೂತ್ ಆಂಟಿ. ಜಾಸ್ತಿ ಕ್ವೆಶ್ಚನ್ ಕೇಳಲ್ಲ."

"ಹೀಟರುಗಳು?"

ಶಶಾಂಕ್ ಮಾವಿನ ಹೋಳು ಬಾಯಿಗೆ ಹಾಕಿಕೊಂಡ. "ಈಗ ಬೇರೆ ಮಾಡೆಲ್ ತರಿಸಿದೀವಿ. ಎನರ್ಜಿ ಎಫಿಶಿಯೆಂಟ್."

ಅಫ್ತಾಬ್ ಪೇಪರಿನಿಂದ ತಲೆ ಎತ್ತಿ ಹೆಂಡತಿಯ ಮುಖ ನೋಡಿದ. ಅವಳು ಚಾಕು ಒರೆಸಿಟ್ಟಳು.

"ಸ್ಟೇಜಿಗೆ ನಾನು ಬರುವುದಿಲ್ಲ. ನೀನೇ ಚೆನ್ನಾಗಿ ಸುಳ್ಳು ಹೇಳುತ್ತೀ, ಇಬ್ಬರು ಯಾಕೆ?" ಎಂದಳು, ಮಗನಿಗೆ ಬುದ್ಧಿ ಹೇಳುವಷ್ಟೇ ಸಮಾಧಾನದಿಂದ. "ಆ ಹುಡುಗನ ಫೋನ್ ನಂಬರು ಕೊಟ್ಟು ಹೋಗು."

ಅವನು ಪೆಚ್ಚಾಗಿ ನಕ್ಕ. ಅಭಿನಂದನೆ ಹೇಳಲಿಕ್ಕೋ ಏನೋ ಎಂದುಕೊಂಡು ನಂಬರು ಕೊಟ್ಟ. ತಟ್ಟೆಯಲ್ಲಿ ಉಳಿದ ಹೋಳುಗಳನ್ನೂ ತಿಂದು ಮುಗಿಸಿ ಹೋದ.

ಅವನ ಕಾರು ಬೀದಿ ತಿರುಗುವ ಮೊದಲೇ ತಾಹಿರಾ ಫೋನ್ ಮಾಡಿದ್ದಳು.

"ಅವಿನಾಶ್, ನಾನು ತಾಹಿರಾ. ಪೋಸ್ಟರ್ ವಿಭಾಗದವಳು."

"ಅಯ್ಯೋ, ಗೊತ್ತು ಆಂಟಿ! ನಮಸ್ಕಾರ."

"ನಾಳೆ ಮಧ್ಯಾಹ್ನ ಊಟಕ್ಕೆ ಬಾರಪ್ಪ. ಸೋಮವಾರ ನೀನು ಪೆನ್ನು ಹಿಡಿಯುವ ಮೊದಲು ಒಂದೆರಡು ಮಾತು ಹೇಳಬೇಕು. ಆ ಬಾಗಿಲುಗಳನ್ನು ಎಲ್ಲೆಲ್ಲಿ ಒತ್ತಿ ನೋಡಬೇಕು ಅಂತ."

ಆ ಕಡೆ, ಹಿಂದೆ ಎಲ್ಲೋ ಕುಕ್ಕರ್ ಕೂಗಿತು, ಯಾರೋ ಮಗುವನ್ನು ಗದರಿದರು. ಆಮೇಲೆ ಹುಡುಗ ದನಿ ತಗ್ಗಿಸಿ ಕೇಳಿದ, "ಶಶಾಂಕ್ ಸರ್‌ಗೆ ಹೇಳ್ಬೇಕಾ ಆಂಟಿ?"

"ಅದನ್ನು ನೀನೇ ಯೋಚಿಸು. ಸಹಿ ನಿನ್ನದು."

ತಾಹಿರಾ ಕಾದಳು. ಹೊರಗೆ ಬಿಸಿಲಿಗೆ ಪೈನ್ ಮರಗಳು ಬೆಚ್ಚಗೆ ಘಮ್ಮೆನ್ನುತ್ತಿದ್ದವು.

"ಅಡ್ರೆಸ್ ಕಳಿಸಿ ಆಂಟಿ," ಎಂದ ಅವಿನಾಶ್. "ನಾನು ವೆಜ್."